ಕವಿಮನೆಯ ಯಾತ್ರೆ

ಹಿರಿಯರು ಬಾಳಿದ ನೆಲವು ತೀರ್ಥವಾಗುವುದೆಂಬ ಭಾವನೆ ನಮ್ಮವರಿಗೆ ಹೊಸದಲ್ಲ. ಕಾಳಿದಾಸನು ಮೇಘದೂತದ ಯಕ್ಷನನ್ನು ಶಾಪದ ವರ್ಷವನ್ನು ಕಳೆಯಲೆಂದು ರಾಮಗಿರಿಯ ಆಶ್ರಮಗಳಲ್ಲಿ ನೆಲೆಗೊಳಿಸುವಾಗ, ಅಲ್ಲಿಯ ನೀರು ಸೀತಾದೇವಿಯ ಸ್ನಾನದಿಂದ ಪುಣ್ಯವಾದುದೆಂಬುದನ್ನು ಮೊದಲ ಶ್ಲೋಕದಲ್ಲಿಯೇ ತಿಳಿಸುತ್ತಾನೆ. ಆ ಗಿರಿಗೆ ಮಹಿಮೆ ಬಂದುದು ಅದರ ಎತ್ತರದಿಂದಲ್ಲ, ಅಲ್ಲಿ ವಾಸಮಾಡಿದವರಿಂದ. ಆದರೆ ಇದರೊಡನೆ ಸೇರಿಸಿ ಹೇಳಬೇಕಾದ ಇನ್ನೊಂದು ಮಾತುಂಟು. ರಾಮಾಯಣದ ಕಥೆಯನ್ನೇ ಕೇಳದವನ ಪಾಲಿಗೆ ರಾಮಗಿರಿಯೂ ಒಂದು ಗುಡ್ಡವೇ, ಆ ನೀರೂ ಬರಿಯ ನೀರೇ. ತೀರ್ಥವನ್ನು ತೀರ್ಥವನ್ನಾಗಿ ಮಾಡುವುದರಲ್ಲಿ ಅರ್ಧ ಪಾಲು ಅಲ್ಲಿ ಬಾಳಿದವರದು. ಉಳಿದರ್ಧ ಕಥೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರುವ ಯಾತ್ರಿಕನದು.

ಬೇಸಿಗೆಯ ರಜೆ ಬಂದೊಡನೆ ನಮ್ಮ ದೊಡ್ಡನೆಕ್ಕುಂದಿಯ ಕಡೆಯ ಗೃಹಸ್ಥರು ಅನೇಕರು ಮಕ್ಕಳನ್ನು ಕರೆದುಕೊಂಡು ಮಲೆನಾಡಿಗೆ ಹೊರಡುವುದುಂಟು. ಆಗುಂಬೆಯ ಸೂರ್ಯಾಸ್ತ, ಶೃಂಗೇರಿಯ ಶಾರದೆ, ದಾರಿಯಲ್ಲಿ ಕುಪ್ಪಳಿಯ ಕವಿಮನೆ, ಇದು ಅವರ ಕ್ರಮ. ಕವಿಮನೆಗೆ ದೊರೆಯುವುದು ಬಹುಮಟ್ಟಿಗೆ ಒಂದು ಗಂಟೆಯ ಕಾಲ. ಕಂಬಗಳ ಮುಂದೆ ನಿಂತು ಚಿತ್ರ ತೆಗೆಸಿಕೊಂಡರೆ ಮುಗಿಯಿತು. ಅಷ್ಟು ದೂರ ಹೋದವರು ಅಷ್ಟನ್ನೇ ಪಡೆದು ಬರಬಾರದೆಂಬ ಆಶೆಯಿಂದ ಈ ಲೇಖನವನ್ನು ಬರೆಯಲಾಗಿದೆ.

ಕುಪ್ಪಳಿಯು ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿಗೆ ಸೇರಿದ್ದು. ಬೆಂಗಳೂರಿನಿಂದ ಸುಮಾರು ೩೫೦ ಕಿಲೋಮೀಟರ್ ದೂರ. ಶಿವಮೊಗ್ಗದವರೆಗೆ ರೈಲಿನಲ್ಲಿ ಹೋಗಿ, ಅಲ್ಲಿಂದ ತೀರ್ಥಹಳ್ಳಿಗೆ ಬಸ್ಸನ್ನು ಹಿಡಿದು, ಕೊಪ್ಪದ ರಸ್ತೆಯಲ್ಲಿ ಮುಂದುವರಿದರೆ ಕುಪ್ಪಳಿಯನ್ನು ಸೇರಬಹುದು. ಕುವೆಂಪು ಅವರು ಹುಟ್ಟಿದುದು ಇಲ್ಲಿಯಲ್ಲ. ತಾಯಿ ಸೀತಮ್ಮನವರ ತವರಾದ, ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ೧೯೦೪ನೆಯ ಡಿಸೆಂಬರ್ ೨೯ರಂದು. ಕುಪ್ಪಳಿಯು ತಂದೆ ವೆಂಕಟಪ್ಪಗೌಡರ ಮನೆ. ಕವಿಯು ಬೆಳೆದ ಮನೆ. ದಕ್ಷಿಣ ಕನ್ನಡದಿಂದ ಕರೆಯಿಸಿದ ಉಪಾಧ್ಯಾಯರೊಬ್ಬರು ಮನೆಯಲ್ಲಿಯೇ ಇದ್ದು ಅಕ್ಷರಾಭ್ಯಾಸ ಮಾಡಿಸಿದರು. ಅನಂತರ ತೀರ್ಥಹಳ್ಳಿಯ ಶಾಲೆ, ಆಮೇಲೆ ಮೈಸೂರು. ಹನ್ನೆರಡರ ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡ ಹುಡುಗನು ಕಾಡಿನ ನಡುವಣ ಒಂಟಿಮನೆಯಿಂದ ಅರಮನೆಯ ಊರಿಗೆ ಹೋಗಿ ನಿಂತನು. ಆ ಮನೆ ಮಾತ್ರ ಅವನ ಬರವಣಿಗೆಯಿಂದ ಕೊನೆಯವರೆಗೂ ದೂರವಾಗಲಿಲ್ಲ.

ಕುವೆಂಪು ಎಂದೊಡನೆ ದೊಡ್ಡವರಿಗೆ ನೆನಪಾಗುವುದು ‘ಶ್ರೀ ರಾಮಾಯಣ ದರ್ಶನಂ’, ಅದಕ್ಕೆ ಸಂದ ಜ್ಞಾನಪೀಠ ಪ್ರಶಸ್ತಿ, ೧೯೬೪ರಲ್ಲಿ ದೊರೆತ ರಾಷ್ಟ್ರಕವಿ ಎಂಬ ಬಿರುದು. ಮಕ್ಕಳಿಗೆ ಇದಾವುದೂ ಬೇಡ. ಅವರ ಕುವೆಂಪು ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯ ಕುವೆಂಪು. ೧೯೨೦ರ ದಶಕದಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗ, ರಾಬರ್ಟ್ ಬ್ರೌನಿಂಗ್ ಕವಿಯು ೧೮೪೨ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಕವನವೊಂದನ್ನು ಹಿಡಿದು ಅವರು ಇದನ್ನು ರಚಿಸಿದರು. ಮೂಲದ ಕಥೆ ಜರ್ಮನಿಯ ಹ್ಯಾಮೆಲಿನ್ ಪಟ್ಟಣದ್ದು, ಹೊಳೆ ವೇಸರ್, ಊದುವವನ ಕೈಯಲ್ಲಿ ಕೊಳಲು. ಕನ್ನಡಕ್ಕೆ ಬರುವಾಗ ಹೊಳೆ ತುಂಗೆಯಾಯಿತು, ಪಟ್ಟಣ ಹಳ್ಳಿಯಾಯಿತು, ನಗರಸಭೆಯ ಅಧ್ಯಕ್ಷನು ಊರ ಗೌಡನಾದನು, ಕೊಳಲು ಕಿಂದರಿಯಾಯಿತು, ಊದುವವನು ನಮ್ಮ ಬೀದಿಗಳಲ್ಲಿ ಸುಳಿಯುವ ಜೋಗಿಯಾದನು. ಕುಪ್ಪಳಿಯ ಹುಡುಗನು ಪರದೇಶದ ಕಥೆಯನ್ನು ತನ್ನ ಮನೆಯ ಅಂಗಳಕ್ಕೆ ಕರೆತಂದ ಬಗೆಯಿದು. ‘ಮೋಡಣ್ಣನ ತಮ್ಮ’ ಮತ್ತು ‘ನನ್ನ ಗೋಪಾಲ’ ಎಂಬ ಮಕ್ಕಳ ನಾಟಕಗಳೂ ಅವರವೇ.

ಈ ಕಥೆಯನ್ನು ಒಮ್ಮೆ ಹೇಳುತ್ತಿದ್ದಾಗ ನಮ್ಮ ನೆರೆಮನೆಯ ಬಾಲಕನೊಬ್ಬನು ಕೇಳಿದ ಪ್ರಶ್ನೆ ಇಲ್ಲಿ ಉಲ್ಲೇಖಾರ್ಹವಾಗಿದೆ. “ತಾತ, ಬೊಮ್ಮನಹಳ್ಳಿ ಹೊಸೂರು ರೋಡಲ್ಲೇ ಇದೆಯಲ್ಲ, ಅಲ್ಲಿ ಹೊಳೆ ಎಲ್ಲಿದೆ?” ಎಂದನು. ಅವನು ಕಂಡ ಬೊಮ್ಮನಹಳ್ಳಿ ವಾಹನಗಳು ಕಿಕ್ಕಿರಿದ ಬೊಮ್ಮನಹಳ್ಳಿ. ತುಂಗೆಯನ್ನು ಅವನು ಕಂಡವನಲ್ಲ. ಇಂಥ ಮಗುವನ್ನು ಕುಪ್ಪಳಿಗೆ ಕರೆದೊಯ್ಯುವುದು ಬಹು ದೊಡ್ಡ ಕೆಲಸವೆಂದೇ ನಮ್ಮ ಅಭಿಪ್ರಾಯ. ಆದರೆ ಅವನು ಹೊರಡುವ ಮೊದಲೇ ಕಥೆಯನ್ನು ಕೇಳಿದ್ದನು, ಕೇಳಿ ಸಂದೇಹಪಟ್ಟಿದ್ದನು ಎಂಬುದೇ ಇಲ್ಲಿ ಮುಖ್ಯ. ತೀರ್ಥಹಳ್ಳಿಯ ಬಳಿ ತುಂಗೆಯನ್ನು ಕಂಡಾಗ ಆ ಸಂದೇಹಕ್ಕೆ ಉತ್ತರ ದೊರೆಯುವುದು. ಪ್ರಶ್ನೆಯೇ ಇಲ್ಲದವನಿಗೆ ಹೊಳೆಯು ಏನನ್ನು ಹೇಳೀತು?

ಈಗ ಮನೆಯ ವಿಚಾರಕ್ಕೆ ಬರೋಣ. ಇದು ಮೂರು ಅಂತಸ್ತಿನ ಮಲೆನಾಡ ತೊಟ್ಟಿಮನೆ. ನಡುವೆ ಆಕಾಶಕ್ಕೆ ತೆರೆದ ಒಳ‌ಅಂಗಳ, ಸುತ್ತಲೂ ಜಗಲಿ, ಕೆತ್ತನೆಯ ಮರದ ಕಂಬಗಳು, ಮೇಲೆ ಉಪ್ಪರಿಗೆ, ಹೆಂಚಿನ ಇಳಿಜಾರು ಮಾಡು. ಕಾಲಕ್ರಮದಲ್ಲಿ ಮನೆಯು ಶಿಥಿಲವಾಗಿತ್ತು. ೧೯೯೨ರಲ್ಲಿ ಸ್ಥಾಪಿತವಾದ ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನವು ಅದನ್ನು ಜೀರ್ಣೋದ್ಧಾರ ಮಾಡಿ ವಸ್ತುಸಂಗ್ರಹಾಲಯವನ್ನಾಗಿ ಇರಿಸಿದೆ. ಆ ಕಾಲದ ಅಡುಗೆಮನೆಯ ಪಾತ್ರೆಪದಾರ್ಥಗಳು, ಬೇಸಾಯದ ಉಪಕರಣಗಳು, ಕವಿಯು ಬಳಸಿದ ವಸ್ತುಗಳು, ಭಾವಚಿತ್ರಗಳು, ಪುಸ್ತಕಗಳು, ೧೯೩೭ರಲ್ಲಿ ಹೇಮಾವತಿಯವರೊಡನೆ ನಡೆದ ವಿವಾಹದ ಮಂಟಪ, ಇವೆಲ್ಲವನ್ನೂ ಅಲ್ಲಿ ಕಾಣಬಹುದು.

“ಹೊಸದಾಗಿ ಕಟ್ಟಿದ ಮನೆ ಹಳೆಯ ಮನೆಯಾದೀತೆ?” ಎಂದು ಕೆಲವರು ಆಕ್ಷೇಪಿಸುವುದುಂಟು. ಈ ಪ್ರಶ್ನೆ ನಮ್ಮ ದೇಶಕ್ಕೆ ಮಾತ್ರ ಸೇರಿದುದಲ್ಲ. ಅಮೆರಿಕದಲ್ಲಿ ಲಾರಾ ಇಂಗಲ್ಸ್ ವೈಲ್ಡರ್ ಎಂಬ ಲೇಖಕಿಯೊಬ್ಬರಿದ್ದರು. ೧೮೬೭ರಲ್ಲಿ ವಿಸ್ಕಾನ್ಸಿನ್ ಪ್ರಾಂತ್ಯದ ಪೆಪಿನ್ ಊರಿನ ಬಳಿಯ ಕಾಡಿನಲ್ಲಿ ಹುಟ್ಟಿದ ಆಕೆ, ಹೊಸ ಭೂಮಿಯನ್ನು ಅರಸಿ ಬಂಡಿಯಲ್ಲಿ ಊರಿಂದೂರಿಗೆ ತೆರಳುತ್ತಿದ್ದ ತಂದೆತಾಯಿಗಳೊಡನೆ ಕಾನ್ಸಾಸ್, ಮಿನಸೋಟ, ಐಯೋವ, ದಕೋಟಗಳಲ್ಲಿ ಬಾಲ್ಯವನ್ನು ಕಳೆದರು. ಐದು ವರ್ಷ ವಾಸಿಸಿ ಬೇಸಾಯ ಮಾಡಿದವರಿಗೆ ೧೬೦ ಎಕರೆ ಭೂಮಿಯನ್ನು ಕೊಡತಕ್ಕದ್ದೆಂದು ೧೮೬೨ರಲ್ಲಿ ಅಲ್ಲಿ ಕಾಯಿದೆಯಾಗಿತ್ತು. ಆ ಬಾಲ್ಯವನ್ನು ಲಾರಾ ಬರೆದು ಮೊದಲ ಪುಸ್ತಕವನ್ನು ಪ್ರಕಟಿಸಿದುದು ೧೯೩೨ರಲ್ಲಿ, ತಮ್ಮ ಅರವತ್ತೈದನೆಯ ವಯಸ್ಸಿನಲ್ಲಿ. ಆ ಮಾಲೆಯ ಪುಸ್ತಕಗಳು ಎಸ್. ಅನಂತನಾರಾಯಣ ಅವರ ಅನುವಾದದಿಂದ ಕನ್ನಡದ ಮಕ್ಕಳಿಗೂ ಪರಿಚಿತವಾಗಿವೆ.

ಆ ಪುಸ್ತಕಗಳನ್ನು ಓದಿದ ಕುಟುಂಬಗಳು ಇಂದಿಗೂ ಸಾವಿರಾರು ಮೈಲಿ ಪ್ರಯಾಣಮಾಡಿ ಆ ನೆಲೆಗಳನ್ನು ಒಂದೊಂದಾಗಿ ನೋಡಿಬರುತ್ತವೆ. ಅಲ್ಲಿ ಅವರಿಗೆ ದೊರೆಯುವುದೇನು? ಪೆಪಿನ್ ಬಳಿಯಲ್ಲಿರುವ ಮರದ ಮನೆ ಹೊಸದಾಗಿ ಕಟ್ಟಿದ ಪ್ರತಿರೂಪ, ಕಾನ್ಸಾಸಿನದೂ ಹಾಗೆಯೇ. ಮಿನಸೋಟದಲ್ಲಿ ಆ ಕುಟುಂಬವು ಹಳ್ಳದ ದಂಡೆಯನ್ನು ಕೊರೆದು ಮಾಡಿಕೊಂಡಿದ್ದ ಮಣ್ಣಿನ ಮನೆ ಕುಸಿದುಹೋಗಿ, ಈಗ ಉಳಿದಿರುವುದು ದಂಡೆಯಲ್ಲೊಂದು ತಗ್ಗು. ದಕ್ಷಿಣ ದಕೋಟದ ಡಿ ಸ್ಮೆಟ್ ಊರಿನ ಬಳಿ ತಂದೆಯು ನೆಟ್ಟ ಮರಗಳುಂಟು. ಮಿಸೌರಿಯ ಮ್ಯಾನ್ಸ್‌ಫೀಲ್ಡಿನಲ್ಲಿ ಲಾರಾ ಗೃಹಿಣಿಯಾಗಿ ಬಾಳಿದ ಮನೆ ಮತ್ತು ತಂದೆಯ ಪಿಟೀಲು ಇವೆ. ಮಣ್ಣಿನ ತಗ್ಗನ್ನು ನೋಡುವುದಕ್ಕೆ ಅಷ್ಟು ದೂರ ಹೋಗುವುದು ಮೌಢ್ಯವಲ್ಲವೇ ಎಂದರೆ, ಅಲ್ಲ. ಪುಸ್ತಕವನ್ನು ಓದಿದ ಮಗುವು ಆ ತಗ್ಗಿನಲ್ಲಿ ಬಾಗಿಲನ್ನು, ಒಲೆಯನ್ನು, ಹುಲ್ಲಿನ ಮಾಡಿನ ಮೇಲೆ ನಡೆದ ಎತ್ತನ್ನು ಕಾಣುತ್ತದೆ. ಕುಪ್ಪಳಿಯ ಕಂಬಗಳಲ್ಲಿ ಯಾವುದು ಹಳೆಯದು, ಯಾವುದು ಹೊಸದು ಎಂಬ ಲೆಕ್ಕಕ್ಕಿಂತ, ನೋಡುವ ಮಗುವಿನಲ್ಲಿ ಕಥೆಯುಂಟೋ ಇಲ್ಲವೋ ಎಂಬ ಲೆಕ್ಕವೇ ದೊಡ್ಡದು.

ಬಯಲುಸೀಮೆಯ ಮಕ್ಕಳಿಗೆ ಆ ಮನೆಯಲ್ಲಿ ಮೊಟ್ಟಮೊದಲು ತೋರಿಸಬೇಕಾದುದು ಮಳೆ. ಬೇಸಿಗೆಯಲ್ಲಿ ಹೋದರೆ ಮಳೆಯು ಕಾಣದು ನಿಜ. ಆದರೆ ಆ ಮನೆಯ ಸರ್ವಾಂಗದಲ್ಲಿಯೂ ಮಳೆಯೇ ಇದೆ. ನಮ್ಮ ಬೆಂಗಳೂರಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು ೧,೦೦೦ ಮಿಲಿಮೀಟರ್. ಅದೇ ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ೭,೦೦೦ ಮಿಲಿಮೀಟರಿಗೂ ಹೆಚ್ಚು. ಮಾಡು ಏಕೆ ಅಷ್ಟು ಇಳಿಜಾರು, ಸೂರು ಏಕೆ ಅಷ್ಟು ಮುಂದಕ್ಕೆ ಚಾಚಿದೆ, ಮಲೆನಾಡಿನವರು ಸೌದೆಯನ್ನೂ ಭತ್ತವನ್ನೂ ಮಳೆಗಾಲಕ್ಕೆ ಮುಂಚೆಯೇ ಏಕೆ ಒಳಗೆ ತುಂಬಿಟ್ಟುಕೊಳ್ಳುತ್ತಿದ್ದರು, ಮನೆಮನೆಗೂ ಏಕೆ ಅಷ್ಟು ದೂರ, ಎಂಬಿವನ್ನು ಮಗುವಿನಿಂದಲೇ ಊಹೆಮಾಡಿಸಬೇಕು. ಬಯಲುಸೀಮೆಯಲ್ಲಿ ಕೆರೆಯೊಂದರ ಕೆಳಗೆ ಊರೆಲ್ಲವೂ ಒಟ್ಟಾಗಿ ನೆಲೆಸಿತು. ದೊಡ್ಡನೆಕ್ಕುಂದಿಯ ಕೆರೆ ಇಂದಿಗೂ ಅದಕ್ಕೆ ಸಾಕ್ಷಿ. ಮಲೆನಾಡಿನಲ್ಲಿ ನೀರಿಗೆ ಕೊರತೆಯಿಲ್ಲ; ಕಣಿವೆಗೊಂದು ಗದ್ದೆ, ಗದ್ದೆಗೊಂದು ತೋಟ, ತೋಟಕ್ಕೊಂದು ಮನೆ, ಮನೆಗೂ ಮನೆಗೂ ನಡುವೆ ಕಾಡು. ಹಗಲಿನ ಕೆಲಸ ತೀರಿದ ಮೇಲೆ ಮಳೆಯ ಸದ್ದಿನಲ್ಲಿ ಒಲೆಯ ಸುತ್ತ ಕುಳಿತವರಿಗೆ ಕಥೆಯೇ ಸಂಗಾತಿ. ೧೯೩೩ರ ‘ಮಲೆನಾಡಿನ ಚಿತ್ರಗಳು’ ಎಂಬ ಪುಸ್ತಕವನ್ನು ಮನೆಯಲ್ಲಿ ಗಟ್ಟಿಯಾಗಿ ಓದಿ ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದೊಡ್ಡವರು ೧೯೮೦ರಲ್ಲಿ ಹೊರಬಂದ ಆತ್ಮಕಥೆ ‘ನೆನಪಿನ ದೋಣಿಯಲ್ಲಿ’ಯ ಮೊದಲ ಭಾಗವನ್ನಾದರೂ ಓದಿರಬೇಕು.

ಎರಡನೆಯದಾಗಿ ತೋರಿಸಬೇಕಾದುದು ದುಡಿಮೆ. ಅಂಥ ದೊಡ್ಡ ಮನೆಯು ಒಂದೇ ಕುಟುಂಬದ ಕೈಗಳಿಂದ ನಡೆದುದಲ್ಲ. ಗದ್ದೆಯಲ್ಲಿ ನಾಟಿ ಮಾಡಿದವರು, ಅಡಿಕೆಯ ಮರವನ್ನು ಹತ್ತಿದವರು, ದನ ಮೇಯಿಸಿದವರು, ಭತ್ತ ಕುಟ್ಟಿದವರು ಬೇರೆಯವರು. ಅವರಲ್ಲಿ ಎಷ್ಟೋ ಮಂದಿಗೆ ಅಂಥ ಮನೆಗಳ ಜಗಲಿಯನ್ನು ಹತ್ತುವ ಅಧಿಕಾರವೇ ಇರಲಿಲ್ಲ. ಮಲೆನಾಡಿನಲ್ಲಿ ‘ಗೊರಬು’ ಎಂಬುದೊಂದುಂಟು: ಬಿದಿರಿನ ಸೀಳುಗಳನ್ನು ಹೆಣೆದು, ನಡುವೆ ಎಲೆಗಳನ್ನು ಹೊದಿಸಿ ಮಾಡಿದ ಹೊದಿಕೆ; ಬಾಗಿ ನಾಟಿ ಮಾಡುವವರ ತಲೆಯನ್ನೂ ಬೆನ್ನನ್ನೂ ಮಳೆಯಿಂದ ಕಾಯುವ ಸಾಧನ. ಉಪ್ಪರಿಗೆಯಲ್ಲಿ ಓದುತ್ತಿದ್ದ ಹುಡುಗನಿಗೆ ಗೊರಬು ಬೇಕಿರಲಿಲ್ಲ. ಅವನ ಅನ್ನವನ್ನು ಬೆಳೆದವರಿಗೆ ಬೇಕಿತ್ತು. ಇದನ್ನು ಮಕ್ಕಳಿಗೆ ಹೇಳುವುದರಿಂದ ಕವಿಯ ಗೌರವಕ್ಕೆ ಊನ ಬರುವುದಿಲ್ಲ. ಏಕೆಂದರೆ ಇದನ್ನು ಮೊದಲು ಕಂಡವರೂ ಬರೆದವರೂ ಆ ಮನೆಯ ಮಗನೇ. ೧೯೬೭ರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ನಮ್ಮನ್ನು ಕಾಡಿನೊಳಕ್ಕೆ ಕರೆದೊಯ್ಯುವವನು ಹೆಗ್ಗಡೆಯಲ್ಲ. ನಾಯಿಯನ್ನು ಹಿಂದಿಟ್ಟುಕೊಂಡು ನಡೆಯುವ ಜೀತದಾಳು ಗುತ್ತಿ.

ಅಮೆರಿಕದಲ್ಲಿಯೂ ಇಂಥದೇ ವಿಚಾರ ಎದ್ದಿತು. ಲಾರಾರ ತಂದೆಯು ಕಾನ್ಸಾಸಿನಲ್ಲಿ ಮನೆ ಕಟ್ಟಿದ ನೆಲವು ಓಸೇಜ್ ಎಂಬ ಮೂಲನಿವಾಸಿಗಳದು. ಅವರು ೧೮೭೦ರ ಸುಮಾರಿನಲ್ಲಿ ಅದನ್ನು ಬಿಟ್ಟು ತೆರಳಬೇಕಾಯಿತು. ಆ ಜನರನ್ನು ಕುರಿತು ಪುಸ್ತಕಗಳಲ್ಲಿ ಬಂದಿರುವ ಮಾತುಗಳು ನೋವುಂಟುಮಾಡುವಂಥವೆಂಬ ಕಾರಣದಿಂದ, ಆಕೆಯ ಹೆಸರಿನಲ್ಲಿ ಕೊಡುತ್ತಿದ್ದ ಬಾಲಸಾಹಿತ್ಯದ ಪದಕಕ್ಕೆ ೨೦೧೮ರಲ್ಲಿ ಅಲ್ಲಿಯ ಗ್ರಂಥಪಾಲಕರ ಸಂಘವು ಬೇರೆ ಹೆಸರನ್ನಿಟ್ಟಿತು. ಪುಸ್ತಕಗಳನ್ನು ಜನ ಓದುವುದು ನಿಲ್ಲಲಿಲ್ಲ. ಕೇಳುವ ಪ್ರಶ್ನೆಗಳು ಹೆಚ್ಚಿದವು. ಪ್ರೀತಿಯ ಮನೆಯನ್ನು ನೋಡಲು ಹೋದಾಗ ಅದರ ಹಿತ್ತಿಲ ಬಾಗಿಲಿನಿಂದ ಬಂದುಹೋದವರನ್ನೂ ನೆನೆಯುವುದು ವಿವೇಕದ ಲಕ್ಷಣ.

ಮನೆಯ ಹಿಂದಣ ಗುಡ್ಡವನ್ನು ಏರಿದರೆ ಕವಿಶೈಲ. ಕುವೆಂಪು ಅವರು ೧೯೯೪ನೆಯ ನವೆಂಬರ್ ೧೧ರಂದು ಮೈಸೂರಿನಲ್ಲಿ ತೀರಿಕೊಂಡರು. ಅಂತ್ಯಸಂಸ್ಕಾರ ನಡೆದುದು ಈ ಬಂಡೆಗಳ ನಡುವೆ. ಈಗ ಅಲ್ಲಿ ಬೃಹತ್ತಾದ ಕಲ್ಲಿನ ಕಂಬ ತೊಲೆಗಳ ಸ್ಮಾರಕವುಂಟು. ಬಂಡೆಯ ಮೇಲೆ ಬಿ.ಎಂ. ಶ್ರೀಕಂಠಯ್ಯ, ಟಿ.ಎಸ್. ವೆಂಕಣ್ಣಯ್ಯ ಮತ್ತು ಕುವೆಂಪು ಈ ಮೂವರ ಹೆಸರಿನ ಅಕ್ಷರಗಳನ್ನು ಕೊರೆದಿದೆ. ಮೊದಲಿನ ಇಬ್ಬರೂ ಕನ್ನಡವನ್ನು ಕಲಿಸಿ ಬೆಳೆಸಿದ ಅಧ್ಯಾಪಕರು. ಗುರುಗಳೊಡನೆ ಶಿಷ್ಯನ ಹೆಸರೂ ಒಂದೇ ಬಂಡೆಯಲ್ಲಿರುವುದನ್ನು ಮಕ್ಕಳಿಗೆ ತೋರಿಸತಕ್ಕದ್ದು. ತಮ್ಮ ಹೆಸರನ್ನೂ ಕೊರೆಯುವ ಆಶೆಯನ್ನು ಅಲ್ಲಿಯೇ ತಡೆಯತಕ್ಕದ್ದು.

೨೦೧೫ರ ನವೆಂಬರ್ ತಿಂಗಳಿನಲ್ಲಿ ಕವಿಮನೆಯಲ್ಲಿ ಕಳ್ಳತನವಾಗಿ, ಅಲ್ಲಿಟ್ಟಿದ್ದ ಪದಕಗಳು ಅಪಹೃತವಾದವು. ನಾಡೆಲ್ಲ ಮರುಗಿತು, ಮರುಗಬೇಕಾದುದೇ. ಆದರೆ ಕಳ್ಳನಿಗೆ ಹೊತ್ತೊಯ್ಯಲಾಗದ ವಸ್ತುವೊಂದು ಆ ಮನೆಯಲ್ಲಿತ್ತು. ಅದನ್ನು ನಾವಾಗಿ ಕಳೆದುಕೊಳ್ಳುತ್ತಿರುವುದಕ್ಕೆ ಯಾರೂ ಠಾಣೆಗೆ ಹೋಗಿ ದೂರು ಕೊಡುವುದಿಲ್ಲ. ಅದಾವುದೆಂದರೆ ಆ ಮನೆಯ ಭಾಷೆ.

ಈ ಮಾತನ್ನು ಸ್ವಲ್ಪ ವಿವರಿಸಬೇಕು. ನಮ್ಮ ಹೊರವರ್ತುಲ ರಸ್ತೆಯ ಆಚೀಚೆಗೆ ಎದ್ದಿರುವ ಬಹುಮಹಡಿ ಮನೆಗಳಲ್ಲಿ ಹತ್ತಾರು ಭಾಷೆಗಳ ಮಕ್ಕಳು ಒಟ್ಟಿಗೆ ಆಡುತ್ತಾರೆ. ಇದು ಸಂತೋಷದ ಸಂಗತಿ. ಅನ್ಯಭಾಷೆಯನ್ನು ದೂರುವುದು ನಮ್ಮ ಉದ್ದೇಶವಲ್ಲ. ಕುವೆಂಪು ಅವರೂ ಮೊದಲು ಇಂಗ್ಲಿಷಿನಲ್ಲಿಯೇ ಕವನಗಳನ್ನು ಬರೆದು ೧೯೨೨ರಲ್ಲಿ ಪ್ರಕಟಿಸಿದ್ದವರು. ಐರಿಷ್ ಕವಿಯಾದ ಜೇಮ್ಸ್ ಕಸಿನ್ಸ್ ಅವುಗಳನ್ನು ನೋಡಿ ತಾಯ್ನುಡಿಯಲ್ಲಿ ಬರೆಯಲು ಬುದ್ಧಿ ಹೇಳಿದನು. ಆದರೆ ಕನ್ನಡದ ಮನೆಗಳಲ್ಲಿಯೇ ಕನ್ನಡವನ್ನು ಮಾತನಾಡಬಲ್ಲ, ಓದಲಾರದ ಮಕ್ಕಳು ಈಗ ಎಷ್ಟೋ ಮಂದಿ. ಅಂಥ ಮಗುವಿಗೆ ಕವಿಮನೆಯು ಅಂದವಾದ ಮರಗೆಲಸದ ಕಟ್ಟಡವಾಗಿ ಕಾಣುವುದೇ ಹೊರತು ಕವಿಯ ಮನೆಯಾಗಿ ಕಾಣದು. ಬಾಗಿಲು ತೆರೆದೇ ಇದ್ದರೂ ಬೀಗದ ಕೈ ಇಲ್ಲದವನಂತೆ ಅದು ಹೊರಗೇ ನಿಂತಿರುತ್ತದೆ.

ಇದನ್ನರಿತೇ ಪುತ್ತೂರಿನಲ್ಲಿ ಶಿವರಾಮ ಕಾರಂತರು ಬೇರೊಂದು ದಾರಿಯನ್ನು ಹಿಡಿದಿದ್ದರು. ಮಕ್ಕಳಿಗೆ ಅವರವರ ಮಾತಿನಲ್ಲಿಯೇ ಲೋಕಜ್ಞಾನ ಬರಬೇಕೆಂದು ೧೯೩೬ರಲ್ಲಿ ‘ಬಾಲಪ್ರಪಂಚ’ವನ್ನು ಮೂರು ಸಂಪುಟಗಳಲ್ಲಿ ಹೊರತಂದರು. ಅಲ್ಲಿಯ ಗುಡ್ಡದ ಮೇಲೆ ‘ಬಾಲವನ’ವನ್ನು ನಿರ್ಮಿಸಿ ಆಟ, ನಾಟ್ಯ, ಪಾಠಗಳನ್ನು ಒಂದುಗೂಡಿಸುವ ಪ್ರಯೋಗ ನಡೆಸಿದರು. ಅವರು ದಶಕಗಳ ಕಾಲ ಬಾಳಿ ಬರೆದ ಮನೆ ಆ ಆವರಣದಲ್ಲಿದೆ. ಆಗುಂಬೆಯ ಘಾಟಿಯನ್ನಿಳಿದು ಕರಾವಳಿಗೆ ಹೋಗುವವರು ಅದನ್ನೂ ನೋಡಬಹುದು. ಕುಪ್ಪಳಿಯಲ್ಲಿ ಮಗುವಾಗಿದ್ದ ಲೇಖಕನನ್ನು ಕಂಡ ಮಕ್ಕಳು, ಬಾಲವನದಲ್ಲಿ ಮಕ್ಕಳಿಗಾಗಿ ದುಡಿದ ಲೇಖಕನನ್ನು ಕಾಣುತ್ತಾರೆ.

ಇನ್ನು ಗೃಹಸ್ಥರಿಗೆ ಎರಡು ಮೂರು ಸೂಚನೆಗಳು. ಹೊರಡುವುದಕ್ಕೆ ಒಂದು ತಿಂಗಳು ಮುಂಚೆಯೇ ರಾತ್ರಿಯ ಊಟವಾದ ಮೇಲೆ ಕಾಲು ಗಂಟೆ ಕಿಂದರಿಜೋಗಿಯನ್ನೋ ಮಲೆನಾಡಿನ ಚಿತ್ರಗಳನ್ನೋ ಗಟ್ಟಿಯಾಗಿ ಓದಬೇಕು. ಓದುವವರು ತಾಯಿ, ತಂದೆ, ಅಜ್ಜಿ ಯಾರಾದರೂ ಸರಿಯೆ. ಕೊನೆಯ ವಾರದಲ್ಲಿ ಮಗುವೇ ಓದಬೇಕು, ತಡವರಿಸಿದರೂ ಚಿಂತೆಯಿಲ್ಲ. ಕುಪ್ಪಳಿಗೆ ಒಂದು ಗಂಟೆಯನ್ನಲ್ಲ, ಒಂದು ಹಗಲನ್ನು ಮೀಸಲಿಡಬೇಕು: ಬೆಳಗ್ಗೆ ಮನೆ, ಸಂಜೆ ಕವಿಶೈಲ. ಒಳಗೆ ಕಂಡ ವಸ್ತುಗಳಲ್ಲಿ ಐದನ್ನು ಆರಿಸಿ, ಅವುಗಳ ಹೆಸರನ್ನು ಕನ್ನಡದಲ್ಲಿ ಬರೆದು, ಯಾವ ಕೆಲಸಕ್ಕೆ ಬಳಸುತ್ತಿದ್ದರೆಂದು ಮಗು ಟಿಪ್ಪಣಿ ಮಾಡಿಕೊಳ್ಳಲಿ. ಹೆಸರು ತಿಳಿಯದಿದ್ದರೆ ಅಲ್ಲಿಯವರನ್ನು ಕೇಳಲಿ. ಕೇಳುವುದೂ ಒಂದು ವಿದ್ಯೆ. ಹೋಗಲು ಅನುಕೂಲವಿಲ್ಲದ ಮನೆಗಳವರು ಕೊರಗಬೇಕಾದುದಿಲ್ಲ. ಪುಸ್ತಕವನ್ನು ಓದಿಸಿದರೆ ಯಾತ್ರೆಯ ದೊಡ್ಡ ಭಾಗವು ಮನೆಯಲ್ಲಿಯೇ ಮುಗಿದಂತೆ. ಓದದೆ ಹೋಗಿಬಂದವರು ಹೊರಟೇ ಇರುವುದಿಲ್ಲ.

ಕಿಂದರಿಜೋಗಿಯ ಕಥೆಯ ತಿರುಳು ಎಲ್ಲರಿಗೂ ತಿಳಿದುದೇ. ಇಲಿಗಳ ಕಾಟವನ್ನು ನೀಗಿದವನಿಗೆ ಕೊಟ್ಟ ಮಾತನ್ನು ಊರ ಹಿರಿಯರು ತಪ್ಪಿದರು. ಜೋಗಿಯು ಮತ್ತೊಮ್ಮೆ ಕಿಂದರಿಯನ್ನು ನುಡಿಸಿದನು. ಮಕ್ಕಳು ಅವನ ಹಿಂದೆ ಹೋದರು, ಮರಳಿ ಬರಲಿಲ್ಲ. ಮಕ್ಕಳು ಹೋದುದು ಸಂಗೀತದ ಮೋಹದಿಂದ ಎಂದು ನಾವು ಹೇಳುತ್ತೇವೆ. ಕವಿಯು ಹೇಳುವುದು ಹಿರಿಯರ ಮಾತು ಕೆಟ್ಟುದರಿಂದ ಎಂದು. ಈ ಕಾಲದ ಮಕ್ಕಳು ಯಾವ ಯಾವುದೋ ನಾದದ ಬೆನ್ನು ಹತ್ತಿ ಹೋಗುತ್ತಿರುವರೆಂದು ಮರುಗುವ ನಾವು, ಅವರಿಗೆ ಕೊಡಬೇಕಾದ ಕಥೆಯನ್ನೂ ಅಕ್ಷರವನ್ನೂ ಕೊಟ್ಟೆವೇ ಎಂದು ಮೊದಲು ವಿಚಾರಿಸಿಕೊಳ್ಳೋಣ. ಆ ಸಾಲವನ್ನು ತೀರಿಸಿ ಕುಪ್ಪಳಿಗೆ ಹೊರಟವರನ್ನು ಆ ಹಳೆಯ ಮನೆಯು ಬರಿಗೈಯಲ್ಲಿ ಕಳುಹಿಸದು.